ನೋವಿಲ್ಲದ ಹುಣ್ಣು, ಹಿಟ್ಟು ಮೆತ್ತಿದ ಹಿಮ್ಮಡಿ: ಒಂದು ಬಲಗಾಲಿನ ಪ್ರಕರಣ ಅಧ್ಯಯನ

ರೋಗಿ ಬಾಗಲಕೋಟೆ ಕಡೆಯ 56 ವರ್ಷದ ಹೆಣ್ಣುಮಗಳು. ಸಣ್ಣದೊಂದು ಖಾನಾವಳಿ ನಡೆಸುತ್ತಾರೆ. ರೊಟ್ಟಿ ಬಡಿಯುವಾಗ ಕೂರುವುದು ಬಿಟ್ಟರೆ ಉಳಿದ ಹೊತ್ತೆಲ್ಲ ನಿಂತ ಕಾಲಲ್ಲೇ ಕೆಲಸ. ಸಕ್ಕರೆ ಕಾಯಿಲೆ ಬಂದು 14 ವರ್ಷ. ಯುಗಾದಿಗೆ ಮುಂಚೆ ಶ್ರೀಶೈಲದ ಮಲ್ಲಯ್ಯನಿಗೆ ಹೊರಟ ಪಾದಯಾತ್ರೆಯ ತಂಡದ ಜೊತೆ ಬರಿಗಾಲಲ್ಲಿ ಮೂರು ದಿನ ನಡೆದರು. ನಾಲ್ಕನೆಯ ದಿನ ಬಲಗಾಲು ಊದಿಕೊಂಡಿದ್ದನ್ನು ಜೊತೆಯವರು ಕಂಡು ಜೀಪು ಹತ್ತಿಸಿ ವಾಪಸು ಕಳಿಸಿದರು. ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿನ ಕಡೆ ಒಂದು ಗುಳ್ಳೆ ಎದ್ದು ಒಡೆದಿತ್ತು. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆ ಕಟ್ಟಿಕೊಂಡು ಮರುದಿನವೇ ಒಲೆಯ ಮುಂದೆ ನಿಂತರು. ಆಸ್ಪತ್ರೆಗೆ ಬಂದದ್ದು ಏಳು ವಾರ ಕಳೆದ ಮೇಲೆ, ಅದೂ ಕಾಲು ನೊಂದು ಅಲ್ಲ. ನೆಲದ ಮೇಲೆ ಹೆಜ್ಜೆ ಹೆಜ್ಜೆಗೂ ಕಂದು ಕಲೆ ಬೀಳುವುದನ್ನು ಮಗ ನೋಡಿದ್ದ.

ಇಷ್ಟು ತಡವೇಕೆ ಎಂದು ಕೇಳಿದ್ದಕ್ಕೆ ಬಂದ ಉತ್ತರದಲ್ಲೇ ರೋಗನಿರ್ಣಯ ಇದೆ: "ಬ್ಯಾನಿ ಆಗಿದ್ರ ಅವತ್ತ ಬರ್ತಿದ್ನಿರಿ. ಬ್ಯಾನೀನ ಇಲ್ಲಂದ ಮ್ಯಾಲ ಏನಂತ ಬರ್ಲಿ?"

ಓದುವ ಮುನ್ನ ಒಂದು ಮಾತು. ಇದು ಯಾರೋ ಒಬ್ಬರ ಕಡತದ ನಕಲಲ್ಲ. ನರಹಾನಿಯಾದ ಪಾದಗಳಲ್ಲಿ ಮತ್ತೆ ಮತ್ತೆ ಕಾಣುವುದನ್ನು ಒಬ್ಬ ರೋಗಿಯ ಮೇಲೆ ಕೂಡಿಸಿ ಬರೆದದ್ದು. ಅಳತೆಗಳು, ಔಷಧದ ಪ್ರಮಾಣಗಳು ಈ ಕಾಲಿಗೆ ಹೊಂದಿದಂಥವು. ಇನ್ನೊಬ್ಬರ ಕಾಲಿಗೆ ಮೊದಲು ಆ ಕಾಲನ್ನೇ ಪರೀಕ್ಷಿಸಬೇಕು.

ಮೊದಲ ದಿನ ಕಂಡದ್ದು

ಅಂಗಾಲಿನಲ್ಲಿ ಕಂಡದ್ದು ಕಡಲೆಕಾಳಿನಷ್ಟು ತೂತು, ಸುತ್ತ ಹಳದಿ ಬಣ್ಣದ ದಪ್ಪ ಜಡ್ಡು. ಹೊರಗೆ ಕಾಣುವ ತೂತನ್ನು ಅಳೆದು ಬರೆದುಕೊಂಡರೆ ಮೋಸ ಹೋದಂತೆ, ಜಡ್ಡಿನ ಕೆಳಗೆ ಹುಣ್ಣು ಎಷ್ಟು ಹರಡಿದೆ ಎಂಬುದು ಜಡ್ಡು ತೆಗೆಯುವ ತನಕ ಗೊತ್ತಾಗುವುದಿಲ್ಲ. ಇಲ್ಲಿ ತೆಗೆದ ಮೇಲೆ ಸಿಕ್ಕ ಅಳತೆ 2.4 x 1.9 ಸೆಂ.ಮೀ., ಆಳ 6 ಮಿ.ಮೀ. ಸುತ್ತಲಿನ ಕೆಂಪು ಅಂಚಿನಿಂದ 1.2 ಸೆಂ.ಮೀ. ತನಕ ಇತ್ತು. ಕ್ರಿಮಿಶುದ್ಧ ಲೋಹದ ಕಡ್ಡಿಯನ್ನು ಮೆಲ್ಲಗೆ ಇಳಿಸಿ ನೋಡಿದಾಗ ತಳದಲ್ಲಿ ಮೆತ್ತಗಿತ್ತು, ಕಲ್ಲಿಗೆ ತಾಗಿದ ಹಾಗೆ ಗಟ್ಟಿ ಸಿಗಲಿಲ್ಲ. ಹಾಗೆ ಸಿಕ್ಕಿದ್ದರೆ ಮೂಳೆಗೆ ಸೋಂಕು ಇಳಿದಿರುವ ಶಂಕೆ ಬಲವಾಗುತ್ತಿತ್ತು. ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗಿಯೇ ಇತ್ತು. ಆದರೆ ಮೂಳೆಯ ಸೋಂಕು ಎಕ್ಸ್‌ರೇಯಲ್ಲಿ ಕಾಣಲು ಎರಡು ಮೂರು ವಾರ ಬೇಕು, ಮೊದಲ ದಿನದ ಚಿತ್ರವನ್ನು ನಂಬಿ ಸುಮ್ಮನಾಗುವಂತಿಲ್ಲ. ಮೂರನೆಯ ವಾರ ಇನ್ನೊಮ್ಮೆ ತೆಗೆಸಲಾಯಿತು, ಆಗಲೂ ಬದಲಾವಣೆ ಇರಲಿಲ್ಲ.

ಜ್ವರ ಇಲ್ಲ, ನಾಡಿ 84, ಬಿಳಿ ರಕ್ತಕಣ 9,800. ಸೋಂಕು ಚರ್ಮ ಮತ್ತು ಅದರಡಿಯ ಪದರಕ್ಕಷ್ಟೇ ಸೀಮಿತ, ಕೆಂಪು 2 ಸೆಂ.ಮೀ. ಒಳಗೆ. ಇದು ಸೌಮ್ಯ ದರ್ಜೆ. ಕೆಂಪು 2 ಸೆಂ.ಮೀ. ದಾಟಿದ್ದರೆ ಅಥವಾ ಸ್ನಾಯುರಜ್ಜು, ಕೀಲು, ಮೂಳೆಗೆ ಇಳಿದಿದ್ದರೆ ಮಧ್ಯಮ. ಅದರ ಮೇಲೆ ಜ್ವರ, ನಾಡಿ 90 ಮೀರುವುದು, ಬಿಳಿಕಣ 12,000 ಮೀರುವುದು, ಉಸಿರು 20 ಮೀರುವುದು ಇವುಗಳಲ್ಲಿ ಎರಡು ಸೇರಿದರೆ ತೀವ್ರ, ಅಂದೇ ದಾಖಲು.

ರಕ್ತ ಹರಿವು ನೋಡದೆ ಪಾದದ ಹುಣ್ಣಿಗೆ ಕೈ ಹಾಕಬಾರದು. ಪಾದದ ಮೇಲಿನ ಮತ್ತು ಒಳಹರಡಿನ (ಹರಡು ಎಂದರೆ ಕಾಲು ಪಾದಕ್ಕೆ ಕೂಡುವ ಗಂಟು) ಹಿಂದಿನ ನಾಡಿ ಎರಡೂ ಕೈಗೆ ಸಿಕ್ಕವು. ಹರಡಿನ ರಕ್ತದೊತ್ತಡವನ್ನು ತೋಳಿನದಕ್ಕೆ ಹೋಲಿಸಿದ ಅನುಪಾತ 1.08. ಸಕ್ಕರೆ ಕಾಯಿಲೆ ಹಳತಾದವರಲ್ಲಿ ರಕ್ತನಾಳದ ಗೋಡೆ ಸುಣ್ಣಗಟ್ಟಿ ಈ ಅನುಪಾತ ಸುಳ್ಳೇ ಚೆನ್ನಾಗಿ ಕಾಣುವುದುಂಟು, 1.3 ದಾಟಿದರೆ ಅನುಮಾನಿಸಲೇಬೇಕು. ಹಾಗಾಗಿ ಹೆಬ್ಬೆರಳಿನ ಒತ್ತಡವನ್ನೂ ಅಳೆಯಲಾಯಿತು: 78 ಮಿ.ಮೀ. ಪಾದರಸ, ಹುಣ್ಣು ಮಾಯಲು ಸಾಕಷ್ಟು. 30ಕ್ಕಿಂತ ಕೆಳಗಿದ್ದರೆ ಈ ಬರಹದ ಉಳಿದ ಭಾಗ ಇವರಿಗೆ ಅನ್ವಯಿಸುತ್ತಲೇ ಇರಲಿಲ್ಲ, ಮೊದಲು ರಕ್ತನಾಳದ ಸರ್ಜನ್ ಬಳಿ ಹೋಗಬೇಕಿತ್ತು.

ಸ್ಪರ್ಶ ಪರೀಕ್ಷೆಗೆ 10 ಗ್ರಾಂ ಮಾನೋಫಿಲಮೆಂಟ್. ಮೀನಿನ ಗಾಳದ ದಾರದಂಥ ನೈಲಾನ್ ಎಳೆ, ಚರ್ಮಕ್ಕೆ ನೇರ ಒತ್ತಿದರೆ 10 ಗ್ರಾಂ ಭಾರಕ್ಕೆ ಬಾಗುತ್ತದೆ. ಮೊದಲು ಅದನ್ನು ರೋಗಿಯ ಕೈಗೆ ಮುಟ್ಟಿಸಿ ಹೇಗಿರುತ್ತದೆಂದು ತೋರಿಸಿ, ಆಮೇಲೆ ಕಣ್ಣು ಮುಚ್ಚಿಸಿ ಹೆಬ್ಬೆರಳಿನ ತಳ ಮತ್ತು ಒಂದು, ಮೂರು, ಐದನೆಯ ಬೆರಳ ಬುಡಗಳಿಗೆ ಎರಡೆರಡು ಸೆಕೆಂಡು ಒತ್ತಬೇಕು. ಜಡ್ಡಿನ ಮೇಲೆ ಒತ್ತಿದರೆ ಒಳ್ಳೆಯ ಕಾಲಿಗೂ ಗೊತ್ತಾಗುವುದಿಲ್ಲ, ಪಕ್ಕಕ್ಕೆ ಒತ್ತಬೇಕು. "ಗೊತ್ತಾಯ್ತಾ?" ಎಂದು ಪ್ರತಿಸಲ ಕೇಳುತ್ತ ಹೋದರೆ ನಮ್ಮ ಹಿರಿಯರು ಮರ್ಯಾದೆಗೆ ಹೂಂ ಅನ್ನುತ್ತಲೇ ಇರುತ್ತಾರೆ. ನಡುವೆ ಮುಟ್ಟದೆಯೂ ಕೇಳಬೇಕು. ಇವರಿಗೆ ಬಲಗಾಲಲ್ಲಿ ನಾಲ್ಕಕ್ಕೆ ಸೊನ್ನೆ, ಎಡಗಾಲಲ್ಲಿ ಒಂದು. ಈ ಸಲಕರಣೆ ಇಲ್ಲದ ಕಡೆ ಒಂದು, ಮೂರು, ಐದನೆಯ ಬೆರಳ ತುದಿಗಳನ್ನು ಬೆರಳಿನಿಂದ ಒಂದೆರಡು ಸೆಕೆಂಡು ಹಗುರಾಗಿ ಮುಟ್ಟಿ ಕೇಳಿದರೂ ಆಯಿತು. ಎರಡೂ ಕಾಲಿನ ಆರರಲ್ಲಿ ಎರಡು ತಪ್ಪಿದರೆ ಸ್ಪರ್ಶ ಹೋಗಿದೆ ಎಂದೇ ಲೆಕ್ಕ. ಮನೆಯವರೂ ಇದನ್ನು ಮಾಡಬಹುದು.

ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಲೆಕ್ಕ) 10.2. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಮಾತ್ರೆ ತಿಂದವರಲ್ಲಿ ಬಿ12 ವಿಟಮಿನ್ ಕಡಿಮೆಯಾಗಿ ನರಹಾನಿ ಇನ್ನಷ್ಟು ಹೆಚ್ಚುವುದುಂಟು, ಅದನ್ನೂ ನೋಡಿಸಲಾಯಿತು. ಕಡಿಮೆಯೇ ಇತ್ತು, ಇಂಜೆಕ್ಷನ್ ಶುರುವಾಯಿತು. ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ಆಗಿತ್ತೆಂದು ಯಾರಿಗೂ ನೆನಪಿರಲಿಲ್ಲ, ಅದನ್ನೂ ಕೊಡಲಾಯಿತು.

ಹುಣ್ಣು ಅಲ್ಲೇ ಏಕೆ?

ಪಾದಯಾತ್ರೆಯಲ್ಲಿ ಕಾದ ಡಾಂಬರು ಇಡೀ ಅಂಗಾಲಿಗೆ ತಾಗಿತ್ತು. ಆದರೂ ಹುಣ್ಣಾದದ್ದು ಒಂದೇ ಕಡೆ. ಅದು ಅಚಾನಕ್ಕಲ್ಲ.

ನರಹಾನಿ ಎಂದರೆ ಸ್ಪರ್ಶ ಹೋಗುವುದು ಮಾತ್ರವಲ್ಲ. ಪಾದದೊಳಗಿನ ಸಣ್ಣ ಸ್ನಾಯುಗಳ ನರವೂ ಸೊರಗಿ ಬೆರಳುಗಳು ಹಕ್ಕಿಯ ಉಗುರಿನ ಹಾಗೆ ಮಡಚಿಕೊಳ್ಳುತ್ತವೆ. ಬೆರಳ ಬುಡದ ಕೆಳಗೆ ಮೆತ್ತೆಯಂತಿದ್ದ ಕೊಬ್ಬು ಮುಂದಕ್ಕೆ ಸರಿಯುತ್ತದೆ, ಮೂಳೆಯ ತಲೆ ಚರ್ಮಕ್ಕೆ ನೇರ ಒತ್ತುತ್ತದೆ. ಬೆವರಿನ ನರ ಹೋಗಿ ಚರ್ಮ ಒಣಗುತ್ತದೆ, ಬಿರಿಯುತ್ತದೆ. ಇವರ ಪಾದದ ಮೇಲಿನ ನೀಲಿ ರಕ್ತನಾಳಗಳು ಉಬ್ಬಿ, ಕಾಲು ಮುಟ್ಟಿದರೆ ಬೆಚ್ಚಗಿತ್ತು, ಇದೂ ನರಹಾನಿಯ ಗುರುತೇ. ಬೆಚ್ಚಗಿದೆ, ಬಣ್ಣ ಚೆನ್ನಾಗಿದೆ ಎಂದು ಮನೆಯವರು ಧೈರ್ಯ ತಂದುಕೊಂಡದ್ದು ಇದೇ ಕಾಲನ್ನು ನೋಡಿ.

ಇನ್ನೂ ಎರಡು ಅಳತೆಗಳು ಮುಖ್ಯ. ಹೆಬ್ಬೆರಳನ್ನು ಮೇಲಕ್ಕೆತ್ತಿದರೆ 20 ಡಿಗ್ರಿಗೇ ನಿಂತಿತು, ಮೊಣಕಾಲು ನೀಟಾಗಿಟ್ಟು ಪಾದವನ್ನು ಮೇಲಕ್ಕೆ ಬಾಗಿಸಿದರೆ ಸೊನ್ನೆ ಡಿಗ್ರಿ ದಾಟಲಿಲ್ಲ. ಸಕ್ಕರೆ ಹೆಚ್ಚಿದ ರಕ್ತದಲ್ಲಿ ವರ್ಷಗಟ್ಟಲೆ ನೆಂದ ಸ್ನಾಯುರಜ್ಜು, ಕೀಲುಚೀಲ ಎಲ್ಲ ಬಿರುಸಾಗುತ್ತವೆ. ಮೀನಖಂಡದ ರಜ್ಜು ಗಿಡ್ಡವಾದಾಗ ಹಿಮ್ಮಡಿ ಬೇಗ ಎದ್ದು ಭಾರವೆಲ್ಲ ಮುಂಗಾಲಿಗೆ ಬೀಳುತ್ತದೆ. ಹೆಬ್ಬೆರಳು ಬಾಗದಿದ್ದಾಗ ಅದರ ಬುಡ ಪ್ರತಿ ಹೆಜ್ಜೆಗೂ ನೆಲಕ್ಕೆ ತಿಕ್ಕುತ್ತದೆ. ಒಳ್ಳೆಯ ಕಾಲಾದರೆ ಅಲ್ಲಿ ಉರಿ ಶುರುವಾದೊಡನೆ ನಾವು ಅರಿವಿಲ್ಲದೆ ಹೆಜ್ಜೆ ಓರೆ ಮಾಡುತ್ತೇವೆ, ಕುಂಟುತ್ತೇವೆ, ಕಟ್ಟೆ ಕಂಡರೆ ಕೂರುತ್ತೇವೆ. ಇವರು ಕುಂಟಲೇ ಇಲ್ಲ. ಏಳು ವಾರ, ಅದೇ ಗತಿಯಲ್ಲಿ, ಅದೇ ಜಾಗದ ಮೇಲೆ.

ಈ ತಿಳಿವಳಿಕೆ ಬಂದದ್ದು ಕುಷ್ಠರೋಗಿಗಳ ಪಾದಗಳಿಂದ. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಸರ್ಜನ್ ಪಾಲ್ ಬ್ರಾಂಡ್ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿದ್ದಾಗ, ಕುಷ್ಠರೋಗಿಯ ಕಾಲು ತಾನಾಗಿ ಕೊಳೆಯುವುದಿಲ್ಲ, ನೋವಿಲ್ಲದೆ ನಡೆದು ನಡೆದು ಹಾಳಾಗುತ್ತದೆ ಎಂದು ತೋರಿಸಿಕೊಟ್ಟರು. ಪ್ಲಾಸ್ಟರ್ ಹಾಕಿ ಭಾರ ಹಂಚಿದರೆ ಅದೇ ಕಾಲಿನ ಹುಣ್ಣು ಮಾಯುತ್ತಿತ್ತು. 1966ರಲ್ಲಿ ಅವರು ಅಮೆರಿಕದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು, ಪದ್ಧತಿ ಅಲ್ಲಿಂದ ಸಕ್ಕರೆ ಕಾಯಿಲೆಯವರ ಪಾದಗಳಿಗೂ ಹರಡಿತು. ನಮ್ಮಲ್ಲಿ ಹುಟ್ಟಿ ಬೆಳೆದ ವಿದ್ಯೆ, ನಮ್ಮ ಪಟ್ಟಣಗಳಲ್ಲೇ ಈಗ ಅಪರೂಪ. ಮುಲಾಮು ಮಾತ್ರ ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ.

ಕಾಲುಂಗುರ, ಬ್ಲೇಡು, ಮಾತ್ರೆ

ಮೊದಲು ಕಾಲುಂಗುರ. ಎರಡನೆಯ ಬೆರಳು ಊದಿ ಬೆಳ್ಳಿಯ ಉಂಗುರ ಒಳಗೆ ಹೂತಿತ್ತು. ಸೋಪು ನೀರಿಗೆ ಜಾರಲಿಲ್ಲ. ಗಂಡ ಇರುವಾಗ ಕಾಲುಂಗುರ ಕತ್ತರಿಸುವುದು ಸಣ್ಣ ಮಾತಲ್ಲ, ಇದನ್ನು ಬಾಯಿ ಮುಚ್ಚಿಸಿ ಮಾಡಿದರೆ ರೋಗಿ ಮುಂದಿನ ವಾರ ಬರುವುದಿಲ್ಲ. ಗಂಡನನ್ನೇ ಒಳಗೆ ಕರೆಸಿ, ಉಂಗುರದ ಕೆಳಗಿನ ಕೆಂಪು ಗೆರೆ ತೋರಿಸಿ ಒಪ್ಪಿಸಲಾಯಿತು. ಉಂಗುರ ಕತ್ತರಿಸುವ ಸಣ್ಣ ಗರಗಸದಲ್ಲಿ ಎರಡು ನಿಮಿಷದ ಕೆಲಸ. ತುಂಡಾದ ಬೆಳ್ಳಿಯನ್ನು ಅವರು ತಾಳಿಯ ದಾರಕ್ಕೆ ಕಟ್ಟಿಕೊಂಡರು, ಸಮಸ್ಯೆ ಅಲ್ಲಿಗೆ ಮುಗಿಯಿತು.

ಆಮೇಲೆ ಜಡ್ಡು. 15ನೇ ನಂಬರಿನ ಬ್ಲೇಡಿನಿಂದ ಪದರ ಪದರವಾಗಿ, ಚರ್ಮಕ್ಕೆ ಸಮಾನಾಂತರ ಹಿಡಿದು, ಹುಣ್ಣಿನ ಅಂಚಿನಲ್ಲಿ ಹನಿ ರಕ್ತ ಒಸರುವ ಜೀವಂತ ಚರ್ಮ ಸಿಗುವ ತನಕ. ತಳದ ಬೂದು ಬಣ್ಣದ ಸತ್ತ ಮಾಂಸವನ್ನು ಕೆರೆದು, 100 ಮಿ.ಲೀ. ಸಲೈನಿನಿಂದ ತೊಳೆದದ್ದಾಯಿತು. ಅರಿವಳಿಕೆ ಬೇಕಾಗಲಿಲ್ಲ, ರೋಗಿ ಮಗನ ಜೊತೆ ಮಾತಾಡುತ್ತಲೇ ಇದ್ದರು. ಜಡ್ಡು ಕೊಳಕು ಎಂದು ತೆಗೆಯುವುದಲ್ಲ. ಚಪ್ಪಲಿಯೊಳಗೆ ಸಿಕ್ಕ ಕಲ್ಲಿನ ಹಾಗೆ ಅದೇ ಒತ್ತುತ್ತಿರುತ್ತದೆ, ತೆಗೆದರೆ ಆ ಜಾಗದ ಒತ್ತಡ ಅಂದೇ ಕಾಲು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ಮೆಡಿಕಲ್ ಶಾಪಿನ ಕಾರ್ನ್ ಪಟ್ಟಿ ಇದಕ್ಕೆ ಪರ್ಯಾಯವಲ್ಲ. ಅದರಲ್ಲಿರುವ ಸ್ಯಾಲಿಸಿಲಿಕ್ ಆಮ್ಲಕ್ಕೆ ಆಣಿ ಯಾವುದು, ಒಳ್ಳೆಯ ಚರ್ಮ ಯಾವುದು ಗೊತ್ತಿಲ್ಲ, ಕಾಲಿಗೆ ಉರಿಯೂ ಗೊತ್ತಾಗುವುದಿಲ್ಲ.

ಕಲ್ಚರ್‌ಗೆ (ಯಾವ ಕ್ರಿಮಿಯೆಂದು ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸಿದ್ದು ತೊಳೆದ ಮೇಲೆ ತಳದಿಂದ ಕೆರೆದ ಮಾಂಸದ ತುಣುಕು. ಮೇಲ್ಮೈಗೆ ಹತ್ತಿಕಡ್ಡಿ ಸವರಿ ಕಳಿಸಿದರೆ ಅಲ್ಲಿ ಸುಮ್ಮನೆ ಕೂತ ಎಲ್ಲ ಕ್ರಿಮಿಗಳ ಹೆಸರೂ ಬರುತ್ತದೆ, ಪ್ರತಿಯೊಂದಕ್ಕೂ ಒಂದೊಂದು ದುಬಾರಿ ಔಷಧ. ಹಿಂದಿನ ವಾರಗಳಲ್ಲಿ ಚೀಟಿಯಿಲ್ಲದೆ ಕೊಂಡ ಆಂಟಿಬಯಾಟಿಕ್‌ಗಳನ್ನು ಬಿಟ್ಟು ಬಿಟ್ಟು ನುಂಗಿದ್ದರಿಂದ ಅಮಾಕ್ಸಿಸಿಲಿನ್-ಕ್ಲಾವುಲನೇಟ್ 625 ಮಿ.ಗ್ರಾಂ. ದಿನಕ್ಕೆ ಮೂರು ಸಲ, 10 ದಿನ. ಕಲ್ಚರ್‌ನಲ್ಲಿ ಅದಕ್ಕೆ ಬಗ್ಗುವ ಸ್ಟಫೈಲೊಕಾಕಸ್ ಎಂಬ ಕ್ರಿಮಿ ಬೆಳೆದಿತ್ತು. 10 ದಿನಕ್ಕೆ ಕೆಂಪು, ವಾಸನೆ ಹೋದವು, ಮಾತ್ರೆ ನಿಲ್ಲಿಸಲಾಯಿತು. ಹುಣ್ಣು ಇನ್ನೂ ಇದೆಯಲ್ಲ ಎಂದು ಮಗ ಮಾತ್ರೆ ಮುಂದುವರಿಸಲು ಕೇಳಿದ. ಆಂಟಿಬಯಾಟಿಕ್ ಸೋಂಕಿಗೆ ಮಾತ್ರ, ತೂತು ಮುಚ್ಚುವ ಕೆಲಸ ಅದರದಲ್ಲ.

ಪಟ್ಟಿಗೆ ಸಲೈನ್ ತೊಳೆತ, ಅಂಟದ ಬಲೆಬಟ್ಟೆ, ಮೇಲೆ ಗಾಜ್ (ಗಾಯಕ್ಕೆ ಕಟ್ಟುವ ತೆಳು ಹತ್ತಿಬಟ್ಟೆ), ಇಷ್ಟೇ. ಹೈಡ್ರೋಜನ್ ಪೆರಾಕ್ಸೈಡ್ ಬುರುಗು ಬಂದಾಗ ಶುದ್ಧವಾದಂತೆ ಕಾಣುತ್ತದೆ, ಹೊಸದಾಗಿ ಹುಟ್ಟಿದ ಚರ್ಮದ ಕಣಗಳನ್ನೂ ಸುಡುತ್ತದೆ. ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಳಿಬಿಡುವುದನ್ನು ಅಂದೇ ನಿಲ್ಲಿಸಲಾಯಿತು. ರಾತ್ರಿ ಗ್ಲಾರ್ಜಿನ್ ಇನ್ಸುಲಿನ್ 12 ಯೂನಿಟ್‌ನಿಂದ ಶುರು, ಬೆಳಗಿನ ಸಕ್ಕರೆ 130ಕ್ಕೆ ಇಳಿಯುವ ತನಕ ಮೂರು ದಿನಕ್ಕೆ 2 ಯೂನಿಟ್ ಏರಿಕೆ.

ಎರಡು ವಾರ ವ್ಯರ್ಥ

ಭಾರ ಇಳಿಸಲು ಮೊದಲು ಕೊಟ್ಟದ್ದು ಮೊಣಕಾಲ ಕೆಳಗಿನ ತನಕ ಬರುವ, ವೆಲ್ಕ್ರೋ ಪಟ್ಟಿಯ, ಬಿಚ್ಚಬಹುದಾದ ಬೂಟು. ಸೋಂಕಿದ್ದಾಗ ದಿನಾ ಬಿಚ್ಚಿ ನೋಡಬೇಕಾಗಿತ್ತು, ಆ ಮಟ್ಟಿಗೆ ಲೆಕ್ಕ ಸರಿ. ಎರಡು ವಾರದ ನಂತರ ಹುಣ್ಣು 2.3 x 1.9. ಅಂದರೆ ಇದ್ದಲ್ಲೇ ಇತ್ತು, ಅಂಚಿನಲ್ಲಿ ಜಡ್ಡು ಮತ್ತೆ ಕಟ್ಟಿತ್ತು. ಬೂಟು ಸದಾ ಹಾಕಿರುತ್ತೇನೆ ಎಂದೇ ಅವರು ಹೇಳಿದರು. ಪಟ್ಟಿ ಬದಲಿಸುತ್ತಿದ್ದ ನರ್ಸ್ ಕಾಲು ತಿರುಗಿಸಿ ಹಿಮ್ಮಡಿ ತೋರಿಸಿದರು: ಬಿರುಕುಗಳ ಒಳಗೆಲ್ಲ ಜೋಳದ ಹಿಟ್ಟು, ಬಿಳಿಯ ಗೆರೆ ಗೆರೆಯಾಗಿ. ಬೂಟಿನ ತಳ ಹೊಸದರಂತೆಯೇ ಇತ್ತು.

"ಅಕ್ಕಾರ, ಬೂಟ ಮನ್ಯಾಗ ಎಲ್ಲಿರ್ತೈತ್ರೀ?"

"ಬಾಗಲ ಕಡೆ ಇಟ್ಟಿರ್ತೀನ್ರೀ. ಒಲಿ ಮುಂದ ಬೂಟ ಹಾಕ್ಕೊಂಡ ಹ್ಯಾಂಗ ನಿಂದ್ರಲಿ?"

ಸುಳ್ಳು ಹೇಳಿದರೆಂದು ಬಯ್ಯುವುದರಲ್ಲಿ ಅರ್ಥವಿಲ್ಲ. ಮನೆಯೊಳಗೆ ಚಪ್ಪಲಿ ಬಿಡುವುದು ಅವರಿಗೆ ಬಿಚ್ಚುವುದು ಅಂತಲೇ ಅನಿಸುವುದಿಲ್ಲ, ಅಡುಗೆಮನೆ, ದೇವರ ಮನೆ ಇರುವ ಕಡೆ ಬರಿಗಾಲೇ ನಿಯಮ. ಇದು ನಮ್ಮವರಿಗಷ್ಟೇ ಅಂಟಿದ ರೋಗವೂ ಅಲ್ಲ. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ರೋಗಿಯ ಸೊಂಟಕ್ಕೊಂದು, ಬೂಟಿಗೊಂದು ಹೆಜ್ಜೆ ಎಣಿಸುವ ಯಂತ್ರ ಇಟ್ಟು ನೋಡಿತು. ದಿನದ ಓಡಾಟದಲ್ಲಿ ಬೂಟು ಕಾಲಲ್ಲಿದ್ದದ್ದು ಶೇ 28 ಮಾತ್ರ. ಮನೆಯೊಳಗೂ ಶೂ ಹಾಕುವ ದೇಶದ ಲೆಕ್ಕ ಅದು! ಬಿಚ್ಚಬಹುದಾದ್ದನ್ನು ಕೊಟ್ಟು ಬಿಚ್ಚಬೇಡಿ ಅನ್ನುವುದು ಚಿಕಿತ್ಸೆಯ ತಪ್ಪು, ರೋಗಿಯದಲ್ಲ. ನೋವಿದ್ದವರಿಗೆ ಬೂಟನ್ನು ನೋವೇ ನೆನಪಿಸುತ್ತದೆ. ಇವರಿಗೆ ನೆನಪಿಸುವವರು ಯಾರು?

ಬಿಚ್ಚಲಾಗದ ಪ್ಲಾಸ್ಟರ್

ಸೋಂಕು ಹೋಗಿತ್ತು, ರಕ್ತ ಹರಿವು ಚೆನ್ನಾಗಿತ್ತು, ವಾರಕ್ಕೊಮ್ಮೆ ಕರೆತರಲು ಮಗ ಒಪ್ಪಿದ. ಈ ಮೂರೂ ಇದ್ದರೆ ಮಾತ್ರ ಟೋಟಲ್ ಕಾಂಟ್ಯಾಕ್ಟ್ ಕ್ಯಾಸ್ಟ್, ಅಂದರೆ ಅಂಗಾಲಿನಿಂದ ಮೊಣಕಾಲ ಕೆಳಗಿನ ತನಕ ಚರ್ಮಕ್ಕೆ ಒತ್ತಿ ಕೂರುವ ಪ್ಲಾಸ್ಟರ್. ಮೂಳೆ ಮುರಿದವರಿಗೆ ಹಾಕುವಂತೆ ದಪ್ಪ ಹತ್ತಿ ಸುತ್ತಿದರೆ ಇದು ಕೆಲಸ ಮಾಡುವುದಿಲ್ಲ. ಹತ್ತಿ ಎರಡು ದಿನಕ್ಕೆ ಕುಗ್ಗಿ ಕಾಲು ಒಳಗೆ ಜಾರಾಡುತ್ತದೆ, ತಿಕ್ಕಿದಲ್ಲೆಲ್ಲ ಹೊಸ ಹುಣ್ಣು. ಕಣಕಾಲು ಕೊಳವೆಯೊಳಗೆ ಬಿಗಿಯಾಗಿ ಕೂತಾಗಲೇ ಮೈಭಾರದ ಒಂದು ಪಾಲು ಪ್ಲಾಸ್ಟರಿನ ಗೋಡೆಗೆ ವರ್ಗವಾಗುತ್ತದೆ, ಉಳಿದದ್ದು ಇಡೀ ಅಂಗಾಲಿಗೆ ಹಂಚಿಹೋಗುತ್ತದೆ, ಹರಡು ಅಲುಗದ ಕಾರಣ ಹೆಜ್ಜೆಯೂ ಗಿಡ್ಡವಾಗುತ್ತದೆ.

ಬೇಕಾದದ್ದು: 3 ಇಂಚಿನ ಸ್ಟಾಕಿನೆಟ್ (ಕಾಲುಚೀಲದಂಥ ಹೆಣೆದ ಬಟ್ಟೆಯ ಕೊಳವೆ) ಸುಮಾರು ಒಂದು ಮೀಟರ್, 6 ಮಿ.ಮೀ. ದಪ್ಪದ ಫೆಲ್ಟ್ (ಕಂಬಳಿಯಂಥ ಮೆತ್ತೆ ಬಟ್ಟೆ), ಬೆರಳುಗಳಿಗೆ 12 ಮಿ.ಮೀ. ಫೋಮ್, 4 ಇಂಚಿನ ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಎರಡು ರೋಲ್, 4 ಇಂಚಿನ ಫೈಬರ್‌ಗ್ಲಾಸ್ ಮೂರು ರೋಲ್, ತಳಕ್ಕೆ ಒಂದು ತುಂಡು ಪ್ಲೈವುಡ್, ನಡೆಯಲು ರಬ್ಬರ್ ಹಿಮ್ಮಡಿ.

ರೋಗಿಯನ್ನು ಬೋರಲು ಮಲಗಿಸಿ ಮೊಣಕಾಲು 90 ಡಿಗ್ರಿ ಮಡಚಿ ಅಂಗಾಲು ಚಾವಣಿ ನೋಡುವಂತೆ ಇಟ್ಟುಕೊಳ್ಳಬೇಕು. ಇವರ ಮೀನಖಂಡ ಗಿಡ್ಡ, ಕಾಲು ನೀಡಿಸಿ ಹಾಕಿದ್ದರೆ ಪಾದ ಕೆಳಮುಖವಾಗಿ ನಿಂತು ಮುಂಗಾಲಿಗೇ ಭಾರ ಬೀಳುತ್ತಿತ್ತು. ಮೊಣಕಾಲು ಮಡಚಿದರೆ ರಜ್ಜು ಸಡಿಲವಾಗಿ ಹರಡು 90 ಡಿಗ್ರಿಗೆ ಬರುತ್ತದೆ, ಸಹಾಯಕರು ಪ್ಲಾಸ್ಟರ್ ಗಟ್ಟಿಯಾಗುವ ತನಕ ಅದನ್ನು ಬಿಡಬಾರದು. ಹುಣ್ಣಿನ ಮೇಲೆ ತೆಳು ಗಾಜ್ ಮಾತ್ರ. ದಪ್ಪ ಪಟ್ಟಿ ಇಟ್ಟರೆ ಅದೇ ಕಲ್ಲಾಗುತ್ತದೆ. ಬೆರಳ ಸಂದಿಗೆ ಸ್ವಲ್ಪ ಹತ್ತಿ. ಸ್ಟಾಕಿನೆಟ್ ಎಳೆದು, ಹರಡಿನ ಮುಂದೆ ಬೀಳುವ ನಿರಿಗೆಯನ್ನು ಕತ್ತರಿಸಿ ಚಪ್ಪಟೆ ಮಾಡಬೇಕು. ಎರಡು ಹರಡುಗಂಟುಗಳ ಮೇಲೆ, ಮೊಣಕಾಲ ಕೆಳಗಿನ ಎಲುಬಿನ ಉದ್ದಕ್ಕೆ ಫೆಲ್ಟ್, ಅಂಚುಗಳನ್ನು ಇಳಿಜಾರಾಗಿ ಸವರಿದ್ದು. ಬೆರಳುಗಳನ್ನು ಫೋಮಿನಿಂದ ಮುಚ್ಚಬೇಕು. ತೆರೆದು ಬಿಟ್ಟರೆ ಸಣ್ಣ ಕಲ್ಲು, ಜೋಳದ ಕಾಳು ಒಳಗೆ ಹೋಗುತ್ತವೆ, ಹೋದದ್ದು ಗೊತ್ತಾಗುವುದಿಲ್ಲ.

ಪಿಓಪಿಯ ಮೊದಲ ಪದರವನ್ನು ಎಳೆಯದೆ, ಉರುಳಿಸಿಕೊಂಡು ಹೋಗಬೇಕು. ಹಸಿ ಇರುವಾಗಲೇ ಅಂಗೈಯಿಂದ ಅಂಗಾಲಿನ ಕಮಾನು, ಹಿಮ್ಮಡಿಯ ಸುತ್ತಲಿನ ತಗ್ಗುಗಳಿಗೆ ಒತ್ತಿ ಒತ್ತಿ ಕೂರಿಸಬೇಕು. ಬೆರಳ ತುದಿಯಿಂದ ಒತ್ತಿದರೆ ಒಳಗೆ ಗುಬುಟು ಮೂಡುತ್ತದೆ. ಈ ಪದರ ಮಾಡುವ ಕೆಲಸವನ್ನು ಹೊರಗಿನ ಫೈಬರ್‌ಗ್ಲಾಸ್ ಮಾಡಲಾರದು, ಅದು ಬರೀ ಬಲಕ್ಕೆ. ತಳದ ತಗ್ಗನ್ನು ಪ್ಲಾಸ್ಟರ್ ತುಂಬಿ ಸಮ ಮಾಡಿ, ಪ್ಲೈವುಡ್ ಕೂರಿಸಿ, ರಬ್ಬರ್ ಹಿಮ್ಮಡಿಯನ್ನು ಪಾದದ ನಡುವಿಗೆ ಕಟ್ಟಲಾಯಿತು. ಒಳಗಿನ ಪಿಓಪಿ ಪೂರ್ತಿ ಒಣಗಲು ಒಂದೆರಡು ದಿನ ಬೇಕು, ಅಲ್ಲಿಯ ತನಕ ಭಾರ ಬಿಡುವಂತಿಲ್ಲ.

ಹುಣ್ಣಿನ ಜಾಗಕ್ಕೆ ನೇರ ಒಂದು ಕಿಟಕಿ ಕೊರೆದು ದಿನಾ ಪಟ್ಟಿ ಹಾಕೋಣ ಎಂದು ಊರಿನ ವೈದ್ಯರೊಬ್ಬರು ಮಗನಿಗೆ ಸೂಚಿಸಿದ್ದರು. ತಾರ್ಕಿಕವಾಗಿ ಕೇಳಿಸುತ್ತದೆ. ಆದರೆ ಸುತ್ತಲೂ ಒತ್ತಡವಿದ್ದು ಒಂದೇ ಕಡೆ ತೆರವಿದ್ದರೆ ಮಾಂಸ ಆ ತೂತಿನಿಂದ ಉಬ್ಬಿ ಹೊರಬರುತ್ತದೆ, ಕಿಟಕಿಯ ಅಂಚು ಅದನ್ನು ಕೊಯ್ಯುತ್ತದೆ. ಬೇಡವೇ ಬೇಡ.

ಮೊದಲ ಪ್ಲಾಸ್ಟರನ್ನು ಮೂರನೆಯ ದಿನವೇ ಬದಲಿಸಬೇಕು. ಊತ ಇಳಿಯುವುದರಿಂದ ಅದು ಸಡಿಲವಾಗಿಯೇ ಆಗುತ್ತದೆ. ಆಮೇಲೆ ವಾರಕ್ಕೊಮ್ಮೆ. ಮನೆಗೆ ಕಳಿಸುವಾಗ ಬರೆದುಕೊಟ್ಟದ್ದು: ಜ್ವರ, ಚಳಿ, ವಾಸನೆ, ಹೊರಗೆ ಕಲೆ, ಬಿರುಕು, ತೊಡೆಸಂದಿಯಲ್ಲಿ ಗಂಟು, ಮೇಲಂಚಿನಲ್ಲಿ ಒಂದು ಬೆರಳಿಗಿಂತ ಹೆಚ್ಚು ಸಡಿಲ, ಊಟ ಔಷಧ ಬದಲಾಗದೆ ಸಕ್ಕರೆ ಏರುವುದು. ಯಾವುದೇ ಒಂದು ಕಂಡರೂ ವಾರ ಕಾಯದೆ ಅಂದೇ ಬರಬೇಕು. ಕೊನೆಯದನ್ನು ಒತ್ತಿ ಹೇಳಬೇಕು. ಈ ಕಾಲು ಕೂಗುವುದಿಲ್ಲ, ಅದರ ಬದಲು ಗ್ಲುಕೋಮೀಟರ್ ಕೂಗುತ್ತದೆ.

ಮನೆಯ ತೊಡಕುಗಳು ಬೇರೆಯೇ ಇದ್ದವು. ಹರಡು ಬಾಗದೆ ಕುಕ್ಕರಗಾಲಲ್ಲಿ ಕೂರಲಾಗದು, ಪಾಯಖಾನೆ ಹಳೆಯ ಮಾದರಿಯದು. ಮಗ ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆದು ಮೇಲಿಟ್ಟ. ಪ್ಲಾಸ್ಟರ್ ಕಾಲು ಸುಮಾರು 3 ಸೆಂ.ಮೀ. ಎತ್ತರವಾಗಿ ಸೊಂಟ ಓರೆಯಾಗುತ್ತಿತ್ತು, ಎಡಗಾಲಿನ ಚಪ್ಪಲಿಗೆ ಅಷ್ಟೇ ದಪ್ಪದ ತಳ ಅಂಟಿಸಲಾಯಿತು. ಕೋಲು ಎಡಗೈಗೆ. ಸ್ನಾನಕ್ಕೆ ಕೂತು, ಕಾಲನ್ನು ಪಾಲಿಥಿನ್ ಚೀಲದಲ್ಲಿ ಕಟ್ಟಿ ಸ್ಟೂಲಿನ ಮೇಲಿಟ್ಟು. ರಾತ್ರಿ ನೆಲದ ಹಾಸಿಗೆ ಬಿಟ್ಟು ಮಂಚ. ನೆಲದಲ್ಲಿ ಮಲಗಿದ ಸ್ಪರ್ಶವಿಲ್ಲದ ಕಾಲ್ಬೆರಳನ್ನು ಇಲಿ ಕಡಿದು ಹೋಗುವುದು ನಮ್ಮ ಹಳ್ಳಿಗಳಲ್ಲಿ ಕತೆಯಲ್ಲ. ಒಲೆಯ ಮುಂದೆ ನಿಲ್ಲುವ ವಿಚಾರದಲ್ಲಿ ರಾಜಿ: ಪ್ಲಾಸ್ಟರಿಗೆ ಮಡಿ ಮೈಲಿಗೆ ಇಲ್ಲ ಎಂದು ಅವರೇ ತೀರ್ಮಾನಿಸಿದರು, ಎತ್ತರದ ಸ್ಟೂಲು ಹಾಕಿಕೊಂಡು ದಿನಕ್ಕೆ ಎರಡು ಗಂಟೆ ಮಾತ್ರ.

ಒಂದು ವಾರದಲ್ಲಿ 1.9 x 1.6. ಮೂರನೆಯ ವಾರದ ಬದಲಾವಣೆಯಲ್ಲಿ ಎಡವಟ್ಟು ಕಂಡಿತು. ಹುಣ್ಣು ಕಿರಿದಾಗಿತ್ತು, ಆದರೆ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಉಗುರಗಲ ಚರ್ಮ ಕಿತ್ತಿತ್ತು. ಕತ್ತರಿಸಿದ ಪ್ಲಾಸ್ಟರನ್ನು ಒಳಮಗ್ಗುಲಾಗಿಸಿ ಬೆರಳಾಡಿಸಿದಾಗ ಕಾರಣ ಸಿಕ್ಕಿತು. ಫೆಲ್ಟ್ ಪಟ್ಟಿ ಜಾರಿ ಮಡಚಿಕೊಂಡು, ಒಂದು ಗೆರೆಯಷ್ಟು ದಿಬ್ಬ. ಮುಂದಿನ ಸಲ ಫೆಲ್ಟನ್ನು ಅಂಟುಪಟ್ಟಿಯಿಂದ ಸ್ಟಾಕಿನೆಟ್‌ಗೆ ಹಿಡಿಸಿ, ಆ ವಾರ ನಾಲ್ಕನೆಯ ದಿನಕ್ಕೇ ಬಿಚ್ಚಿ ನೋಡಲಾಯಿತು. ಗಾಯ ಹತ್ತು ದಿನದಲ್ಲಿ ಮಾಯಿತು. ಬಿಚ್ಚಿದ ಪ್ಲಾಸ್ಟರನ್ನು ನೇರ ಕಸಕ್ಕೆ ಎಸೆಯದೆ ಒಳಗೆ ನೋಡಬೇಕು ಎನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ನಾಲ್ಕನೆಯ ವಾರ 1.2 x 0.9. ನಾಲ್ಕು ವಾರಕ್ಕೆ ಹುಣ್ಣಿನ ವಿಸ್ತೀರ್ಣ ಅರ್ಧಕ್ಕೆ ಇಳಿಯದಿದ್ದರೆ ಎಲ್ಲವನ್ನೂ ಮತ್ತೆ ಮೊದಲಿನಿಂದ ನೋಡಬೇಕು: ಮೂಳೆ, ರಕ್ತ ಹರಿವು, ಹೆಜ್ಜೆ. ಇಲ್ಲಿ ನಾಲ್ಕನೆಯ ಒಂದಕ್ಕೆ ಇಳಿದಿತ್ತು. ಏಳನೆಯ ವಾರ ಮುಚ್ಚಿತು. ಮುಚ್ಚಿದ ದಿನವೇ ಪ್ಲಾಸ್ಟರ್ ತೆಗೆದು ನಡೆಸಿದರೆ ವಾರದೊಳಗೆ ಹರಿಯುತ್ತದೆ, ಆ ಚರ್ಮ ಹಾಲಿನ ಕೆನೆಯಷ್ಟು ತೆಳು. ಇನ್ನೆರಡು ವಾರ ಪ್ಲಾಸ್ಟರ್ ಇಡಲಾಯಿತು. ಎಚ್‌ಬಿಎ1ಸಿ ಆ ಹೊತ್ತಿಗೆ 7.9.

ಚಪ್ಪಲಿ, ಮತ್ತೆ ಬಿಸಿಯೇರಿದ ಕಾಲು

ಮಾಯ್ದ ಹುಣ್ಣು ಒಂದೇ ವರ್ಷದಲ್ಲಿ ಸುಮಾರು ಶೇ 40 ಜನರಲ್ಲಿ ಮರಳುತ್ತದೆ, ಐದು ವರ್ಷದಲ್ಲಿ ಶೇ 65 ಜನರಲ್ಲಿ. ಹೀಗಾಗಿ ಚಪ್ಪಲಿಯೂ ಚಿಕಿತ್ಸೆಯೇ. ಹೆಬ್ಬೆರಳ ಸಂದಿಗೆ ಪಟ್ಟಿ ಬರುವ ಹವಾಯಿ ಚಪ್ಪಲಿ ಇನ್ನು ಮುಂದೆ ಇಲ್ಲ, ಅದನ್ನು ಹಿಡಿದಿಡಲು ಬೆರಳು ಮತ್ತಷ್ಟು ಮಡಚಬೇಕು, ಕಾಲಿಂದ ಜಾರಿದರೂ ಗೊತ್ತಾಗುವುದಿಲ್ಲ. ಬೇಕಾದದ್ದು ಹಿಂದೆ ಪಟ್ಟಿಯಿರುವ ಚಪ್ಪಲಿ, ಕಾಲಿಗೆ ತಾಗುವಲ್ಲಿ ಸುಮಾರು 10 ಮಿ.ಮೀ. ಎಂಸಿಆರ್ (ಮೈಕ್ರೋಸೆಲ್ಯುಲರ್, ಅಂದರೆ ಸಣ್ಣ ಗಾಳಿಗುಳ್ಳೆಗಳ ಮೆತ್ತನೆಯ) ರಬ್ಬರ್, ಕೆಳಗೆ ಬಾಗದ ಗಟ್ಟಿ ತಳ. ಎಂಸಿಆರ್ ಹೆಬ್ಬೆರಳಿಂದ ಒತ್ತಿದರೆ ತಗ್ಗಿ ಬಿಟ್ಟೊಡನೆ ಮೇಲೇಳಬೇಕು, ತಗ್ಗಾಗಿಯೇ ಉಳಿದರೆ ಬದಲಿಸುವ ಕಾಲ ಬಂದಿದೆ. ಕುಷ್ಠರೋಗ ಕಾರ್ಯಕ್ರಮದಲ್ಲಿ ಸರ್ಕಾರ ಉಚಿತವಾಗಿ ಹಂಚುವುದೂ ಇದೇ ರಬ್ಬರಿನ ಚಪ್ಪಲಿ. ತಳದ ಮುಂಭಾಗ ದೋಣಿಯಂತೆ ಮೇಲಕ್ಕೆ ಏರಬೇಕು, ಏರು ಶುರುವಾಗುವುದು ಬೆರಳ ಬುಡಕ್ಕಿಂತ ಸ್ವಲ್ಪ ಹಿಂದೆ, ಚಪ್ಪಲಿಯ ಉದ್ದದ ಶೇ 60ರಿಂದ 65ರ ಹತ್ತಿರ. ಹೆಬ್ಬೆರಳು ಬಾಗಬೇಕಾದ ಕೆಲಸವನ್ನು ಆ ಏರು ಮಾಡುತ್ತದೆ. ಮೊಳೆ ಕೂಡದು, ಅಂಟು ಮಾತ್ರ. ಚಮ್ಮಾರರಿಗೆ ಇದನ್ನು ಎದುರಿಗೇ ಹೇಳಬೇಕು, ಗಟ್ಟಿಯಾಗಲೆಂದು ಪ್ರೀತಿಯಿಂದ ಹೊಡೆದ ಒಂದು ಮೊಳೆ ಸಾಕು. ಅಳತೆ ಸಂಜೆ ತೆಗೆಯಬೇಕು, ಕಾಲು ಊದಿರುವ ಹೊತ್ತು. ಎರಡು ಜೊತೆ ಮಾಡಿಸಿದ್ದು: ಒಂದು ಹೊರಗೆ, ಇನ್ನೊಂದು ಹೊಸಿಲು ದಾಟದ ಅಡುಗೆಮನೆಯ ಜೊತೆ. ಎರಡನೆಯದು ಇಲ್ಲದಿದ್ದರೆ ಮೊದಲನೆಯದಕ್ಕೆ ಬೆಲೆ ಇಲ್ಲ.

ಮನೆಗೆ ಕೊಟ್ಟ ಇನ್ನೊಂದು ಸಾಧನ ಚರ್ಮದ ಬಿಸಿ ನೋಡುವ ಇನ್‌ಫ್ರಾರೆಡ್ ಥರ್ಮಾಮೀಟರ್. ಹುಣ್ಣಾಗುವ ಮೊದಲು ಆ ಜಾಗ ಬಿಸಿಯಾಗುತ್ತದೆ. ಸಂಜೆ ಹತ್ತು ನಿಮಿಷ ಕಾಲು ಚಾಚಿ ಕೂತು ಎರಡೂ ಪಾದದ ಒಂದೇ ಜಾಗದ ಬಿಸಿ ಬರೆದುಕೊಳ್ಳುವುದು. ವ್ಯತ್ಯಾಸ 2.2 ಡಿಗ್ರಿ ಸೆಲ್ಸಿಯಸ್ ಮೀರಿ ಎರಡು ದಿನ ಉಳಿದರೆ ನಡಿಗೆ ನಿಲ್ಲಿಸಿ ತಿಳಿಸುವುದು. ಕನ್ನಡಿಯಲ್ಲಿ ಅಂಗಾಲು ನೋಡಿ ಎಂದು ಹೇಳುವುದು ಪುಸ್ತಕದ ಮಾತು. ಚಾಳೀಸು ದಾಟಿದ, ಬೊಜ್ಜಿರುವ ಹೆಣ್ಣುಮಗಳಿಗೆ ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ. ಹತ್ತು ವರ್ಷದ ಮೊಮ್ಮಗಳು ನೋಡುತ್ತಾಳೆ, ಶಾಲೆಯ ನೋಟುಬುಕ್ಕಿನಲ್ಲಿ ಬರೆಯುತ್ತಾಳೆ.

ಐದು ತಿಂಗಳ ನಂತರ ಆ ನೋಟುಬುಕ್ಕಿನಲ್ಲೇ ಸಿಕ್ಕಿಬಿದ್ದದ್ದು: ಬಲ 33.9, ಎಡ 31.1. ಮರುದಿನವೂ ಹಾಗೇ. ಮನೆಯಲ್ಲಿ ಮದುವೆ, ಎರಡು ದಿನ ಬರಿಗಾಲಲ್ಲಿ ನಿಂತಿದ್ದರು. ಬಂದಾಗ ಹಳೆಯ ಜಾಗದಲ್ಲಿ ಜಡ್ಡು, ಅದರೊಳಗೆ ನೇರಳೆ ಚುಕ್ಕೆ, ಅಂದರೆ ಕೆಳಗೆ ರಕ್ತ ಸೋರಿದೆ. ಜಡ್ಡು ಕೆತ್ತಿದ ಮೇಲೆ ಚರ್ಮ ಇಡಿಯಾಗಿಯೇ ಇತ್ತು. ಹತ್ತು ದಿನ ಬೂಟು ಹಾಕಿ ಮೇಲಿಂದ ಎರಡು ಸುತ್ತು ಫೈಬರ್‌ಗ್ಲಾಸ್ ಸುತ್ತಲಾಯಿತು, ಬಾಗಿಲ ಕಡೆ ಇಡುವ ಪ್ರಶ್ನೆಯೇ ಏಳದಂತೆ. ವ್ಯತ್ಯಾಸ 0.8ಕ್ಕೆ ಇಳಿಯಿತು. ಜಡ್ಡು ಕೆತ್ತಿಸಲು ಆರು ವಾರಕ್ಕೊಮ್ಮೆ ಇದ್ದ ಭೇಟಿಯನ್ನು ನಾಲ್ಕು ವಾರಕ್ಕೆ ಇಳಿಸಿ, ಇನ್ನೊಮ್ಮೆ ಹೀಗಾದರೆ ಮೀನಖಂಡದ ರಜ್ಜು ಉದ್ದ ಮಾಡುವ ಶಸ್ತ್ರಚಿಕಿತ್ಸೆಯ ಬಗ್ಗೆ ಮಾತಾಡಲಾಯಿತು. ಅವರು ಯೋಚಿಸಿ ಹೇಳುತ್ತೇವೆಂದರು.

ಮುಂದಿನ ಯುಗಾದಿಗೆ ಮಲ್ಲಯ್ಯನ ಬಳಿ ಹೋಗಲೇಬೇಕೆಂಬ ಹರಕೆ ಬಾಕಿ ಇತ್ತು. ನಡೆದಲ್ಲ, ಬಸ್ಸಿನಲ್ಲಿ. ಗುಡಿಯೊಳಗೆ ಚಪ್ಪಲಿ ನಡೆಯದು, ಆದ್ದರಿಂದ ಕಲ್ಲು ಕಾಯುವ ಮುನ್ನ ನಸುಕಿನ ದರ್ಶನ, ಕಾಲಿಗೆ ಎರಡು ಜೊತೆ ದಪ್ಪ ಹತ್ತಿಯ ಕಾಲುಚೀಲ, ಸಾಲಿನಲ್ಲಿ ನಿಲ್ಲದಂತೆ ಗಾಲಿ ಕುರ್ಚಿ. ಥರ್ಮಾಮೀಟರನ್ನು ಮೊಮ್ಮಗಳು ತನ್ನ ಚೀಲದಲ್ಲಿ ಇಟ್ಟುಕೊಂಡಿದ್ದಳು. ಆ ಸಂಜೆ ಅಲ್ಲಿಂದ ಬಂದ ಸಂದೇಶ: ಬಲ 31.6, ಎಡ 31.2.